ಕ್ರಿಸ್‌ಮಸ್ ವಾರದಲ್ಲಿ ಕುಟುಂಬ ಸಮೇತ ವಿದೇಶ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಶುರುವಾಗಿ ಒಂದೆರಡು ತಿಂಗಳಾಗುತ್ತಿದ್ದಂತೆ ಈ ಪ್ರಶ್ನೆಗಳು ಬರತೊಡಗುತ್ತವೆ. ಕೆಲವನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಕೆಲವು ಪತ್ರದಲ್ಲಿ ಬಂದಿವೆ, ಇನ್ನು ಕೆಲವು ರಾತ್ರಿ ಹನ್ನೊಂದರ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕೇಳಿದವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರಾದ್ದರಿಂದ ಉತ್ತರಗಳೂ ಅಲ್ಲಿಂದ ಹೊರಡುವವರಿಗೇ. ವೀಸಾ, ತೆರಿಗೆ, ಸುಂಕದ ನಿಯಮಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನ ಆಯಾ ಸರ್ಕಾರದ ಅಧಿಕೃತ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

## ಹೋಗುವುದೇ, ಬೇಡವೇ, ಎಲ್ಲಿಗೆ

ಎಲ್ಲವೂ ದುಬಾರಿ ಇರುವ ವಾರದಲ್ಲೇ ಏಕೆ ಹೋಗಬೇಕು? ಫೆಬ್ರುವರಿಯಲ್ಲಿ ಹೋದರೆ ದುಡ್ಡು ಉಳಿಯುವುದಿಲ್ಲವೇ?

ಉಳಿಯುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲ, ರಜೆ ಯಾವಾಗ ಕೇಳಿದರೂ ಸಿಗುತ್ತದೆ ಎನ್ನುವವರು ಫೆಬ್ರುವರಿಯಲ್ಲೇ ಹೋಗಿ. ಮುಂದೆ ಓದುವ ಅಗತ್ಯವೇ ಇಲ್ಲ. ಉಳಿದವರಿಗೆ ಫೆಬ್ರುವರಿ, ಮಾರ್ಚ್ ಪರೀಕ್ಷೆಯ ಕಾಲ. ಬೇಸಿಗೆ ರಜೆಯಲ್ಲಿ ಬ್ಯಾಂಕಾಕ್ ಆಗಲಿ ದುಬೈ ಆಗಲಿ ಕಾದ ಕಾವಲಿ. ದಸರಾದಲ್ಲಿ ಮನೆ ಬಿಟ್ಟು ಹೊರಡಲು ಹಿರಿಯರು ಒಪ್ಪುವುದಿಲ್ಲ. ಡಿಸೆಂಬರಿನ ಕೊನೆಯ ವಾರದಲ್ಲಿ ಅಮೆರಿಕ, ಯುರೋಪಿನ ಕಚೇರಿಗಳು ರಜೆಯಲ್ಲಿರುವುದರಿಂದ ಐಟಿ ಕಂಪನಿಗಳಲ್ಲಿ ಕೆಲಸದ ಒತ್ತಡ ಕಡಿಮೆ. ಬಳಸದ ರಜೆ ವರ್ಷದ ಕೊನೆಗೆ ರದ್ದಾಗುವ ಕಂಪನಿಗಳೂ ಇವೆ. ಅಣ್ಣನಿಗೂ ತಂಗಿಗೂ ಅವರವರ ಮಕ್ಕಳಿಗೂ ಒಟ್ಟಿಗೆ ಬಿಡುವು ಸಿಗುವ ವಾರ ಹಲವು ಮನೆಗಳಲ್ಲಿ ಇದೊಂದೇ. ಹೆಚ್ಚಿಗೆ ಕೊಡುವ ದುಡ್ಡು ಆ ಬಿಡುವಿನ ಬೆಲೆ. ಅದು ಬೇಕಿಲ್ಲದಿದ್ದರೆ ಈ ವಾರವೂ ಬೇಕಿಲ್ಲ.

ಮಗಳ ಶಾಲೆಯಲ್ಲಿ ಕ್ರಿಸ್‌ಮಸ್‌ಗೆ ಒಂದೇ ದಿನ ರಜೆ. ತಮ್ಮನ ಮಗನಿಗೆ ಹತ್ತು ದಿನ. ಇದನ್ನು ಹೊಂದಿಸುವುದು ಹೇಗೆ?

ಕರ್ನಾಟಕದ ಹಳೆಯ ತಕರಾರು ಇದು. ಕ್ರೈಸ್ತ ಆಡಳಿತ ಮಂಡಳಿಗಳ ಹಲವು ಶಾಲೆಗಳು ದಸರಾ ರಜೆಯನ್ನು ಮೊಟಕು ಮಾಡಿ ಡಿಸೆಂಬರಿನಲ್ಲಿ ಕೊಡುತ್ತವೆ. ರಾಜ್ಯ ಪಠ್ಯಕ್ರಮದ ಬಹುಪಾಲು ಶಾಲೆಗಳಲ್ಲಿ 25ನೇ ತಾರೀಖು ಮಾತ್ರ ರಜೆ. ಕಡಿಮೆ ರಜೆ ಇರುವ ಮಗುವನ್ನು ಹಿಡಿದು ಲೆಕ್ಕ ಹಾಕಿ. 2026ರಲ್ಲಿ ಕ್ರಿಸ್‌ಮಸ್ ಶುಕ್ರವಾರ ಬರುತ್ತದೆ, ಮರುದಿನ ನಾಲ್ಕನೇ ಶನಿವಾರ. 24ರ ಗುರುವಾರ ರಾತ್ರಿ ಹೊರಟು 29ರ ಮಂಗಳವಾರ ರಾತ್ರಿ ಮನೆ ಸೇರಿದರೆ ಶಾಲೆ ತಪ್ಪುವುದು ಎರಡೋ ಮೂರೋ ದಿನ. ನಾಲ್ಕು ಗಂಟೆಯ ಹಾರಾಟದೊಳಗಿನ ಊರಿಗೆ ಅಷ್ಟು ಸಾಕು. ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿಯ ಮಗು ಇದ್ದರೆ ಆ ವರ್ಷ ಬಿಡಿ. ಆ ಮಗು ಹೋಟೆಲ್ ಕೋಣೆಯಲ್ಲಿ ಪುಸ್ತಕ ಹಿಡಿದು ಕೂರುವುದನ್ನು ನೋಡುತ್ತಾ ಯಾರೂ ಸಂತೋಷ ಪಡುವುದಿಲ್ಲ.

ಎಷ್ಟು ತಿಂಗಳ ಮುಂಚೆ ಟಿಕೆಟ್ ಮಾಡಬೇಕು? ಕೊನೆಗೆ ಬೆಲೆ ಇಳಿಯುತ್ತದೆ ಎನ್ನುತ್ತಾರಲ್ಲ.

ಖಾಲಿ ಹೋಗುವ ವಿಮಾನದ ಟಿಕೆಟ್ ಮಾತ್ರ ಕೊನೆಗೆ ಇಳಿಯುತ್ತದೆ. ಆ ವಾರ ಯಾವ ವಿಮಾನವೂ ಖಾಲಿ ಹೋಗುವುದಿಲ್ಲ. ಆಗಸ್ಟ್, ಸೆಪ್ಟೆಂಬರಿನೊಳಗೆ ಟಿಕೆಟ್ ಮುಗಿಸಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ಐದಾರು ಜನ ಒಂದೇ ವಿಮಾನದಲ್ಲಿ ಹೋಗಬೇಕಾದವರಿಗಂತೂ ಇದು ಕಡ್ಡಾಯ. ಶಾಲೆ ಮುಗಿದ ವಾರಾಂತ್ಯದಲ್ಲಿ ಹೊರಟು ಜನವರಿಯ ಮೊದಲ ಭಾನುವಾರ ಹಿಂದಿರುಗುವುದು ಎಲ್ಲರ ಆಸೆಯಾದ್ದರಿಂದ ಆ ಎರಡು ದಿನ ಬೆಲೆ ನೆತ್ತಿಗೇರಿರುತ್ತದೆ. 24ರ ರಾತ್ರಿ ಅಥವಾ 25ರಂದೇ ಹೊರಡುವ ಟಿಕೆಟನ್ನೂ ಹೋಲಿಸಿ ನೋಡಿ. ಹಬ್ಬ ಆಚರಿಸುವವರು ಆ ದಿನ ಪ್ರಯಾಣ ಮಾಡುವುದಿಲ್ಲ.

ಮೊದಲ ಸಲ ವಿದೇಶ. ಅಪ್ಪ ಅಮ್ಮನಿಗೆ ಎಪ್ಪತ್ತು, ಮಕ್ಕಳಿಗೆ ಐದು ಮತ್ತು ಒಂಬತ್ತು. ಎಲ್ಲಿಗೆ ಕರೆದುಕೊಂಡು ಹೋಗಲಿ?

ಸಿಂಗಪುರ. ಬೇಸರ ತರಿಸುವ ಉತ್ತರ ಎನ್ನುವುದು ನನಗೂ ಗೊತ್ತು. ಆದರೆ ಬೆಂಗಳೂರಿನಿಂದ ನೇರ ವಿಮಾನ, ನಾಲ್ಕೂವರೆ ಗಂಟೆಯ ಆಸುಪಾಸಿನ ಹಾರಾಟ, ಎಲ್ಲ ಮೆಟ್ರೊ ನಿಲ್ದಾಣಗಳಲ್ಲೂ ಲಿಫ್ಟ್, ನಲ್ಲಿ ನೀರು ಕುಡಿಯಬಹುದು, ಸೆರಂಗೂನ್ ರಸ್ತೆಯಲ್ಲಿ ಇಡ್ಲಿ ಸಿಗುತ್ತದೆ. ಎಪ್ಪತ್ತು ಮತ್ತು ಐದು ವರ್ಷದವರಿಬ್ಬರಿಗೂ ಒಗ್ಗುವ ಊರುಗಳು ಜಗತ್ತಿನಲ್ಲಿ ಕಡಿಮೆ. ಅಲ್ಲಿನ ಶಾಲೆಗಳಿಗೂ ಡಿಸೆಂಬರ್ ಪೂರ್ತಿ ರಜೆ ಇರುವುದರಿಂದ ಮೃಗಾಲಯ, ಸೆಂಟೋಸಾದಲ್ಲಿ ಸ್ಥಳೀಯರ ಜಂಗುಳಿಯೂ ಸೇರುತ್ತದೆ. ಅಂತಹ ಜಾಗಗಳಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನ ಕೋಣೆಗೆ ಬಂದು ಮಲಗಿ, ಸಂಜೆ ಆರ್ಚರ್ಡ್ ರಸ್ತೆಯ ದೀಪಾಲಂಕಾರ ನೋಡಲು ಹೊರಡಿ.

ಖರ್ಚು ಕಡಿಮೆ ಆಗಬೇಕೆಂದರೆ ಶ್ರೀಲಂಕಾ. ಕೊಲಂಬೊ ಬೆಂಗಳೂರಿನಿಂದ ಒಂದೂವರೆ ಗಂಟೆಯ ಹಾದಿ, ಅನ್ನ ಸಾರು ಪಲ್ಯ ಎಲ್ಲೆಡೆ ಸಿಗುತ್ತದೆ. ಚಳಿಯಲ್ಲದ, ಸೆಕೆಯೂ ಅಲ್ಲದ ಹವೆ ಬೇಕೆಂದರೆ ದುಬೈ.

ಡಿಸೆಂಬರಿನಲ್ಲಿ ನಮ್ಮಲ್ಲಿ ಒಣಹವೆ. ಅಲ್ಲೂ ಹಾಗೆಯೇ ತಾನೇ?

ಅಲ್ಲ. ಹಿಂಗಾರು ಮಳೆ ನಮ್ಮನ್ನು ದಾಟಿದ ಮೇಲೂ ಆಗ್ನೇಯ ಏಷ್ಯಾದಲ್ಲಿ ಮುಂದುವರಿಯುತ್ತದೆ. ಸಿಂಗಪುರದಲ್ಲಿ ಅತಿ ಹೆಚ್ಚು ಮಳೆಯ ತಿಂಗಳೇ ಡಿಸೆಂಬರ್. ಆದರೆ ಅಲ್ಲಿ ಮಳೆಯಲ್ಲೂ ಓಡಾಡಲು ಸೂರು ಇರುವುದರಿಂದ ನಡೆಯುತ್ತದೆ. ಸಮುದ್ರ ತೀರಕ್ಕೆ ಹೋಗುವವರು ಮಾತ್ರ ನಕ್ಷೆ ತೆರೆದು ಯಾವ ದಿಕ್ಕಿನ ತೀರ ಎಂದು ನೋಡಲೇಬೇಕು. ಮಲೇಷ್ಯಾದ ಪೂರ್ವ ತೀರದ ಪೆರ್ಹೆಂಟಿಯನ್, ರೆಡಾಂಗ್ ದ್ವೀಪಗಳ ರೆಸಾರ್ಟ್‌ಗಳು ಹೆಚ್ಚಾಗಿ ಮುಚ್ಚಿರುತ್ತವೆ, ಪಶ್ಚಿಮದ ಲಂಕಾವಿ ಚೆನ್ನಾಗಿರುತ್ತದೆ. ಥಾಯ್ಲೆಂಡಿನಲ್ಲಿ ಫುಕೆಟ್, ಕ್ರಾಬಿ ಬಿಸಿಲು. ಕೊಲ್ಲಿಯ ಕಡೆಯ ಸಮುಯಿಯಲ್ಲಿ ಮಳೆಯ ಬಾಲ ಇನ್ನೂ ಇರಬಹುದು. ಶ್ರೀಲಂಕಾದಲ್ಲಿ ಗಾಲೆ, ಬೆಂತೋಟ ಇರುವ ನೈರುತ್ಯ ತೀರಕ್ಕೆ ಹೋಗಿ, ಟ್ರಿಂಕೋಮಲಿ ಬೇಡ. ವಿಯೆಟ್ನಾಂನ ಹನೋಯ್‌ಗೆ ಸ್ವೆಟರ್ ಬೇಕು, ದಕ್ಷಿಣದ ಫು ಕ್ವಾಕ್‌ಗೆ ಬೇಡ. ಬಾಲಿಯಲ್ಲಿ ಅದು ನೇರ ಮಳೆಗಾಲ. ಆ ಸಮಯದ ಬಾಲಿ ಜಾಹೀರಾತುಗಳಲ್ಲಿರುವ ನೀಲಿ ಆಕಾಶದ ಚಿತ್ರಗಳನ್ನು ಬೇರೆ ತಿಂಗಳಲ್ಲಿ ತೆಗೆದಿರುತ್ತಾರೆ.

## ಕಾಗದಪತ್ರ

ಪಾಸ್‌ಪೋರ್ಟ್ ಅವಧಿ ಏಪ್ರಿಲ್‌ವರೆಗೆ ಇದೆ. ನಾವು ಹೋಗುವುದು ಡಿಸೆಂಬರಿನಲ್ಲಿ. ಸಾಕಲ್ಲವೇ?

ಸಾಲದು. ಸಿಂಗಪುರ, ಮಲೇಷ್ಯಾ, ಯುಎಇ (ದುಬೈ ಇರುವ ದೇಶ) ಸೇರಿದಂತೆ ಬಹಳಷ್ಟು ದೇಶಗಳು ಆರು ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಇಲ್ಲದಿದ್ದರೆ ವಿಮಾನ ಕಂಪನಿಯವರೇ ಬೆಂಗಳೂರಿನಲ್ಲಿ ಹತ್ತಿಸುವುದಿಲ್ಲ. ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ, ಮಕ್ಕಳದು ಐದೇ ವರ್ಷಕ್ಕೆ ಎಂಬುದನ್ನು ಮರೆತವರು ಪ್ರತಿ ವರ್ಷ ಸಿಗುತ್ತಾರೆ. ಮಗು ಹುಟ್ಟಿದಾಗ ಮಾಡಿಸಿದ್ದು ಒಂದನೇ ತರಗತಿ ಸೇರುವ ಹೊತ್ತಿಗೆ ಮುಗಿದಿರುತ್ತದೆ. ಈಗಲೇ ಬೀರು ತೆರೆದು ಎಲ್ಲರ ಪುಸ್ತಕಗಳ ಕೊನೆಯ ದಿನಾಂಕ ನೋಡಿ. ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ ಶುಲ್ಕ 1,500 ರೂಪಾಯಿ, ಮಕ್ಕಳದಕ್ಕೆ 1,000. ತತ್ಕಾಲ್‌ಗೆ 2,000 ಹೆಚ್ಚು. ಸೆಪ್ಟೆಂಬರಿನೊಳಗೆ ಅರ್ಜಿ ಹಾಕಿದರೆ ತತ್ಕಾಲ್ ಗೊಡವೆ ಬೇಕಾಗುವುದಿಲ್ಲ.

ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಬರೀ "ಸಾವಿತ್ರಮ್ಮ" ಎಂದಿದೆ. ಟಿಕೆಟ್ ಮಾಡುವಾಗ ಉಪನಾಮ ಕೇಳುತ್ತದೆ. ಏನು ಬರೆಯಲಿ?

ಹಳೆ ಮೈಸೂರು ಕಡೆಯ ಮನೆಗಳಿಗೆ ಇದು ದೊಡ್ಡ ತಲೆನೋವು. ಉಪನಾಮ ಎಂಬುದೇ ಇಲ್ಲದವರು ನಾವು. ಊರಿನ, ತಂದೆಯ ಮೊದಲಕ್ಷರ ಇಟ್ಟುಕೊಂಡು ಬದುಕಿದವರು. ಟಿಕೆಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇಲ್ಲದ ಹೆಸರನ್ನು ನಿಮ್ಮಷ್ಟಕ್ಕೆ ಸೇರಿಸಬೇಡಿ. ಕೆಲವು ವಿಮಾನ ಕಂಪನಿಗಳು ಅದೇ ಹೆಸರನ್ನು ಎರಡೂ ಕಡೆ ಬರೆಯಿರಿ ಎನ್ನುತ್ತವೆ, ಕೆಲವು ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬ ಇಂಗ್ಲಿಷ್ ಸಂಕೇತ) ಎಂದು ಹಾಕಿಸುತ್ತವೆ. ಕಂಪನಿಯ ಸಹಾಯವಾಣಿಗೆ ಕೇಳಿ, ಅವರು ಹೇಳಿದಂತೆ ಬರೆಯಿರಿ.

ಯುಎಇಗೆ ಹೋಗುವುದಾದರೆ ವಿಷಯ ಇನ್ನೂ ಗಂಭೀರ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಆ ದೇಶ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂದು ನಂತರ ಸಡಿಲಿಸಿತು. ಆದರೂ ದುಬೈ ಯೋಚನೆ ಇದ್ದರೆ ಅಮ್ಮನ ಪಾಸ್‌ಪೋರ್ಟ್ ನವೀಕರಿಸುವಾಗಲೇ ಹೆಸರನ್ನು ಎರಡು ಭಾಗ ಮಾಡಿಸುವುದು ಜಾಣತನ.

ವೀಸಾ ಬೇಡದ ದೇಶ ಎಂದರೆ ಟಿಕೆಟ್ ತೆಗೆದು ಹೊರಟುಬಿಡಬಹುದೇ?

ವೀಸಾ ಬೇಡದಿದ್ದರೂ ಆಗಮನದ ಡಿಜಿಟಲ್ ನಮೂನೆ ಬೇಕು. ಮಲೇಷ್ಯಾಕ್ಕೆ ಎಂಡಿಎಸಿ, ಥಾಯ್ಲೆಂಡಿಗೆ 2025ರ ಮೇ 1ರಿಂದ ಟಿಡಿಎಸಿ, ವೀಸಾ ಬೇಕಾದ ಸಿಂಗಪುರಕ್ಕೂ ಎಸ್‌ಜಿ ಆಗಮನ ಪತ್ರ. ಮೂರನ್ನೂ ತಲುಪುವ ಮುಂಚಿನ ಮೂರು ದಿನಗಳೊಳಗೆ, ಹಸುಗೂಸು ಸೇರಿ ಪ್ರತಿಯೊಬ್ಬರ ಹೆಸರಿನಲ್ಲೂ ತುಂಬಬೇಕು. ಮೂರೂ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ, ಅಲ್ಲಿಂದ ಹೊರಬನ್ನಿ.

ಭಾರತೀಯರಿಗೆ ಮಲೇಷ್ಯಾ ಕೊಟ್ಟಿರುವ 30 ದಿನಗಳ ವೀಸಾ ವಿನಾಯಿತಿ 2023ರ ಡಿಸೆಂಬರಿನಲ್ಲಿ ಶುರುವಾಗಿ 2026ರ ಡಿಸೆಂಬರ್ 31ರವರೆಗೆ ವಿಸ್ತರಣೆಯಾಗಿದೆ. ಹೊಸ ವರ್ಷದ ಮೇಲೆ ಅಲ್ಲಿಗೆ ತಲುಪುವವರು ಮುಂದಿನ ಪ್ರಕಟಣೆ ನೋಡದೆ ಟಿಕೆಟ್ ತೆಗೆಯಬಾರದು. ವಿನಾಯಿತಿ ಇದ್ದರೂ ಹಿಂದಿರುಗುವ ಟಿಕೆಟ್, ಹೋಟೆಲ್ ಕಾಯ್ದಿರಿಸಿದ ಪತ್ರ, ಸಾಕಷ್ಟು ಹಣ ಇದೆ ಎಂಬ ದಾಖಲೆ ಕೇಳುವ ಅಧಿಕಾರ ಅಲ್ಲಿನ ವಲಸೆ ಅಧಿಕಾರಿಗೆ ಇದ್ದೇ ಇದೆ. ಮೊಬೈಲ್‌ನಲ್ಲಿ ಮಾತ್ರವಲ್ಲದೆ ಕಾಗದದಲ್ಲೂ ಇಟ್ಟುಕೊಳ್ಳಿ. ಬ್ಯಾಟರಿ ಮುಗಿಯುವುದು ಆ ಸಾಲಿನಲ್ಲಿ ನಿಂತಾಗಲೇ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಸ್ವಂತ ದುಡ್ಡಿನಲ್ಲಿ ಹೋಗುವುದಕ್ಕೂ ಅನುಮತಿ ಬೇಕೇ?

ಬೇಕು. ರಜೆ ಮಂಜೂರಾತಿಯೇ ಬೇರೆ, ವಿದೇಶಕ್ಕೆ ಹೋಗಲು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯೇ ಬೇರೆ. ಕಡತ ಮೇಜಿನಿಂದ ಮೇಜಿಗೆ ಹೋಗುವ ವೇಗ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಟಿಕೆಟ್ ತೆಗೆಯುವ ಮೊದಲೇ ಅರ್ಜಿ ಕೊಡಿ.

ಹೆಂಡತಿಗೆ ರಜೆ ಸಿಗಲಿಲ್ಲ. ಮಕ್ಕಳನ್ನು ನಾನೊಬ್ಬನೇ ಕರೆದುಕೊಂಡು ಹೋದರೆ ಯಾರಾದರೂ ತಡೆಯುತ್ತಾರೆಯೇ?

ಸಾಮಾನ್ಯವಾಗಿ ತಡೆಯುವುದಿಲ್ಲ, ಕೇಳಬಹುದು. ತಾಯಿಯ ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿ, ನೋಟರಿ ಮಾಡಿಸಿ, ಅವರ ಪಾಸ್‌ಪೋರ್ಟ್ ಅಥವಾ ಆಧಾರ್ ಪ್ರತಿ ಮತ್ತು ಮಕ್ಕಳ ಜನನ ಪ್ರಮಾಣಪತ್ರದ ಪ್ರತಿಯೊಂದಿಗೆ ಇಟ್ಟುಕೊಳ್ಳಿ. ಅಜ್ಜ ಅಜ್ಜಿಯ ಜೊತೆ ಮೊಮ್ಮಕ್ಕಳನ್ನು ಕಳಿಸುವಾಗ ತಂದೆ ತಾಯಿ ಇಬ್ಬರ ಪತ್ರವೂ ಇರಲಿ.

## ಹಣದ ಮಾತು

ಟೂರ್ ಕಂಪನಿಯೊಂದಿಗೆ ಹೋಗುವುದೇ, ನಾವೇ ಮಾಡಿಕೊಳ್ಳುವುದೇ?

ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಕಂಪನಿಗಳಿವೆ. ಶುದ್ಧ ಸಸ್ಯಾಹಾರದ ಹಿರಿಯರಿರುವ ತಂಡ ಯುರೋಪಿಗೆ ಹೊರಟರೆ ಅವೇ ಸರಿ. ಸಿಂಗಪುರ, ದುಬೈ, ಕೊಲಂಬೊಗೆ ನೀವೇ ಮಾಡಿಕೊಂಡರೆ ಒಳ್ಳೆಯದು. ಗುಂಪಿನ ಪ್ರವಾಸದಲ್ಲಿ ಬೆಳಗ್ಗೆ ಏಳಕ್ಕೆ ಬಸ್ಸಿನಲ್ಲಿರಬೇಕು. ಐದು ವರ್ಷದ ಮಗುವಿಗೆ ಅದು ತಿಳಿಯುವುದಿಲ್ಲ, ಎಪ್ಪತ್ತರ ತಂದೆಗೆ ಶೌಚಾಲಯದ ಚಿಂತೆ. ಪ್ಯಾಕೇಜ್ ತೆಗೆದುಕೊಂಡರೂ ದಿನಕ್ಕೊಂದು ಹೋಟೆಲ್ ಬದಲಿಸುವಂಥದ್ದು ಬೇಡ.

ಹೋಟೆಲ್ ಹಣ ಕಟ್ಟಿಯಾಗಿದೆ. ಈಗ 31ರ ರಾತ್ರಿ ಊಟಕ್ಕೆ ಬೇರೆ ಹಣ ಕೊಡಲೇಬೇಕು ಎನ್ನುತ್ತಿದ್ದಾರೆ. ಇದು ಮೋಸವಲ್ಲವೇ?

ಮೋಸವಲ್ಲ, ನೀವು ಓದದ ಷರತ್ತು. ಥಾಯ್ಲೆಂಡ್, ವಿಯೆಟ್ನಾಂ, ಬಾಲಿಯ ಅನೇಕ ರೆಸಾರ್ಟ್‌ಗಳಲ್ಲಿ ಡಿಸೆಂಬರ್ 24 ಮತ್ತು 31ರ ರಾತ್ರಿ ತಂಗುವವರು "ಗಾಲಾ ಡಿನ್ನರ್" ಶುಲ್ಕವನ್ನು ತಲೆಗಿಷ್ಟು ಎಂದು ಕಡ್ಡಾಯವಾಗಿ ಕಟ್ಟಬೇಕು. ಕೋಣೆಯ ಬೆಲೆ ತೋರಿಸುವ ಜಾಗದಲ್ಲಿ ಇದು ಇರುವುದಿಲ್ಲ. ಕೆಳಗೆ ಸಣ್ಣ ಅಕ್ಷರದ ನಿಯಮಗಳಲ್ಲಿ ಇರುತ್ತದೆ. ನಾಲ್ಕು ಜನರಿಗೆ ಸೇರಿಸಿದರೆ ಒಂದು ರಾತ್ರಿಯ ಬಾಡಿಗೆಯನ್ನೂ ಮೀರಬಹುದು. ಮೇಜಿನ ತುಂಬ ಸೀಗಡಿ, ಏಡಿ, ಹುರಿದ ಮಾಂಸ. ನಿಮ್ಮ ಮನೆಯವರು ತಟ್ಟೆಗೆ ಹಾಕಿಕೊಳ್ಳುವುದು ಹಣ್ಣಿನ ಹೋಳು ಮತ್ತು ಬ್ರೆಡ್. ಕಾಯ್ದಿರಿಸುವ ಮೊದಲು ಹೋಟೆಲ್‌ಗೆ ಇಮೇಲ್ ಬರೆದು ಈ ಶುಲ್ಕ ಇದೆಯೇ, ಮಕ್ಕಳಿಗೆ ಎಷ್ಟು, ಸಸ್ಯಾಹಾರ ಏನು ಎಂದು ಕೇಳಿ, ಉತ್ತರವನ್ನು ಜೋಪಾನ ಮಾಡಿ. ಅಥವಾ ಆ ಎರಡು ರಾತ್ರಿ ಊರೊಳಗಿನ ಸಾದಾ ಹೋಟೆಲಿನಲ್ಲಿ ತಂಗಿ. ಇಂಥ ಕಟ್ಟಳೆ ಹೆಚ್ಚಾಗಿ ರೆಸಾರ್ಟ್‌ಗಳದು.

ಟಿಸಿಎಸ್ ಎಂದು ಹೆಚ್ಚಿಗೆ ಹಣ ಹಿಡಿದರು. ಅದು ಹೋಯಿತೇ?

ಹೋಗಿಲ್ಲ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡಾಗ ಕಂಪನಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟುವ ಮುಂಗಡ ತೆರಿಗೆಯಂಥದ್ದು ಅದು. ಮೊದಲು ಶೇ 5 ಮತ್ತು ಹತ್ತು ಲಕ್ಷ ಮೀರಿದರೆ ಶೇ 20 ಇದ್ದದ್ದನ್ನು 2026ರ ಬಜೆಟ್‌ನಲ್ಲಿ ಶೇ 2ಕ್ಕೆ ಇಳಿಸಲಾಯಿತು. ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಪ್ಯಾನ್‌ನ ತೆರಿಗೆ ವಿವರಪಟ್ಟಿಯಲ್ಲಿ ಬಂದಿದೆಯೇ ನೋಡಿ, ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಿ. ತೆರಿಗೆ ಕಟ್ಟುವವರ ಪ್ಯಾನ್‌ನಲ್ಲೇ ಪ್ಯಾಕೇಜ್ ತೆಗೆದರೆ ಸುಲಭ.

ಎಲ್‌ಟಿಎಯಲ್ಲಿ ತೋರಿಸಬಹುದೇ?

ಇಲ್ಲ. ಸಂಬಳದ ಜೊತೆ ಬರುವ ಆ ರಜಾ ಪ್ರಯಾಣ ಭತ್ಯೆಯ ತೆರಿಗೆ ವಿನಾಯಿತಿ ಭಾರತದೊಳಗಿನ ಪ್ರಯಾಣಕ್ಕೆ ಮಾತ್ರ.

ಎಷ್ಟು ನಗದು ಒಯ್ಯಲಿ? ಇಲ್ಲಿನ ಕಾರ್ಡ್ ಅಲ್ಲಿ ನಡೆಯುತ್ತದೆಯೇ?

ಒಂದು ಪ್ರವಾಸಕ್ಕೆ ಒಬ್ಬರು 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಒಯ್ಯಬಹುದು. ಅಷ್ಟು ಬೇಕಾಗುವುದಿಲ್ಲ, ಮೂರು ದಿನದ ಊಟ ಓಡಾಟಕ್ಕೆ ಸಾಕಾಗುವಷ್ಟು ಆ ದೇಶದ ನೋಟು ಇದ್ದರೆ ಸಾಕು. ಉಳಿದದ್ದಕ್ಕೆ ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್, ಜೊತೆಗೆ ಬೇರೆ ಬ್ಯಾಂಕಿನ ಒಂದು ಕ್ರೆಡಿಟ್ ಕಾರ್ಡ್. ಕ್ರೆಡಿಟ್ ಕಾರ್ಡ್‌ನಲ್ಲಿ ಶೇ 3.5ರವರೆಗೆ ವಿನಿಮಯದ ಶುಲ್ಕ ಬೀಳಬಹುದು, ಅದರ ಮೇಲೆ ಜಿಎಸ್‌ಟಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ. ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕೊಡುತ್ತೀರಾ?" ಎಂದು ಕೇಳಿದರೆ ಬೇಡ ಎನ್ನಿ, ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ಅವರು ಹಾಕುವ ದರ ಕಣ್ಣಿಗೆ ಕಾಣದಂತೆ ಜೇಬು ಕತ್ತರಿಸುತ್ತದೆ. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ, ಇಂಟರ್‌ನೆಟ್‌ಗೆ ಅಲ್ಲಿನ ಸಿಮ್ ಅಥವಾ ಇ-ಸಿಮ್ ಬಳಸಿ.

ಹೆಂಗಸರು ಮಾಂಗಲ್ಯ, ಬಳೆ ಹಾಕಿಕೊಂಡು ಹೋದರೆ ವಾಪಸ್ ಬರುವಾಗ ಸುಂಕ ಕೇಳುತ್ತಾರೆಯೇ?

ನಿತ್ಯ ಹಾಕುವ ಮಾಂಗಲ್ಯ, ಓಲೆಗೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಹೊರಟು ಭಾರೀ ಒಡವೆ ಒಯ್ಯುವವರು, ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಒಡವೆಯ ಬಿಲ್ ಅಥವಾ ಮೌಲ್ಯಮಾಪನದ ಚೀಟಿ ಇದ್ದರೆ ಕೆಲಸ ಬೇಗ ಆಗುತ್ತದೆ. ಅಲ್ಲಿ ಕೊಂಡ ಸಾಮಾನಿಗೆ 2026ರ ಫೆಬ್ರುವರಿಯಿಂದ ಸುಂಕವಿಲ್ಲದ ಮಿತಿ ತಲೆಗೆ 75,000 ರೂಪಾಯಿ. ಮುಂಚೆ 50,000 ಇತ್ತು. ಇಬ್ಬರ ಮಿತಿ ಸೇರಿಸಿ ಒಂದು ದುಬಾರಿ ಫೋನ್ ತರುತ್ತೇವೆ ಎನ್ನುವಂತಿಲ್ಲ.

## ಊಟ, ಔಷಧ, ದೇವರು

ಅತ್ತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಒಂದು ವಾರ ಏನು ಮಾಡುವುದು?

ವಿಮಾನದಿಂದಲೇ ಶುರು ಮಾಡಿ. ಟಿಕೆಟ್ ಜೊತೆಗೆ ಊಟ ಕೊಡುವ ಕಂಪನಿಗಳಲ್ಲಿ ವಿಜೆಎಂಎಲ್ ಎಂಬ ಜೈನ ಊಟವನ್ನು ಕನಿಷ್ಠ 24 ಗಂಟೆ ಮುಂಚೆ ಹೇಳಿಟ್ಟರೆ ಸಿಗುತ್ತದೆ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ 1947ರಿಂದಿರುವ ಕೋಮಲ ವಿಲಾಸ ಇದೆ, ನಮ್ಮ ಎಂಟಿಆರ್ ಇದೆ. ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆ ಎಲೆ ಊಟ. ಥಾಯ್ಲೆಂಡಿನಲ್ಲಿ "ಜೇ" ಎಂದು ಹಳದಿ ಬಾವುಟ ಕಟ್ಟಿದ ಅಂಗಡಿ ಹುಡುಕಿ: ಅದು ಚೀನೀ ಬೌದ್ಧರ ವ್ರತದ ಅಡುಗೆ, ಮಾಂಸ ಮೀನು ಮೊಟ್ಟೆಯೊಂದಿಗೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಿಮ್ಮ ಅತ್ತೆಯ ಮಡಿಗೆ ಅಷ್ಟು ಹತ್ತಿರದ ಊಟ ಇಲ್ಲಿನ ದರ್ಶಿನಿಯಲ್ಲೂ ಸಿಗುವುದು ಕಷ್ಟ. ಉಳಿದ ಕಡೆ "ವೆಜಿಟೇರಿಯನ್" ಎಂದ ಮಾತ್ರಕ್ಕೆ ನಂಬಬೇಡಿ. ಮೀನಿನ ಸಾರ, ಒಣ ಸೀಗಡಿಯ ಗಟ್ಟಿ ಅಲ್ಲಿ ನಮ್ಮ ಉಪ್ಪು ಹುಣಸೆಯ ಜಾಗದಲ್ಲಿರುತ್ತವೆ. ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ತೆಗೆದುಕೊಂಡು ರಾತ್ರಿಗೆ ಅನ್ನ ತಿಳಿಸಾರು ಮಾಡಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಮನೆಯಿಂದ ಏನೆಲ್ಲ ಒಯ್ಯಬಹುದು? ಏನು ಒಯ್ಯಬಾರದು?

ಚಟ್ನಿಪುಡಿ, ಸಾರಿನಪುಡಿ, ಅವಲಕ್ಕಿ, ಒಣ ಚಪಾತಿ, ಚಕ್ಕುಲಿ, ಕೋಡುಬಳೆ ಒಯ್ಯಿರಿ. ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ತುಪ್ಪ ಚೆಕ್-ಇನ್ ಚೀಲಕ್ಕೆ. ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲಿ ತೆಗೆಸುತ್ತಾರೆ. ಇಡೀ ಕೊಬ್ಬರಿ ಬಟ್ಟಲು ಮಾತ್ರ ಬೇಡವೇ ಬೇಡ. ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುಗಳ ಸಾಲಿನಲ್ಲಿ ಅದು ಸೇರಿದೆ. ತಿಪಟೂರಿನಿಂದ ತಂದದ್ದು ಎಂದರೂ ಕೇಳುವುದಿಲ್ಲ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು: ಕೈಚೀಲದಲ್ಲೇ ಇರಬೇಕು.

ಅತಿ ಮುಖ್ಯವಾದದ್ದು ಗಸಗಸೆ. ನಮಗದು ಹಬ್ಬದ ಪಾಯಸ, ಯುಎಇಯಲ್ಲಿ ಮಾದಕ ವಸ್ತು ನಿಯಂತ್ರಣದ ಅಡಿಯಲ್ಲಿ ನಿಷೇಧಿತ. ಸಿಂಗಪುರದಲ್ಲೂ ಒಯ್ದರೆ ತೊಂದರೆ. ಮಸಾಲೆ ಪುಡಿಯ ಡಬ್ಬಿಯಲ್ಲಿ ಗಸಗಸೆ ಹಾಕಿದ್ದೀರಾ ಎಂದು ಅಮ್ಮನನ್ನು ಕೇಳಿಯೇ ಚೀಲ ಕಟ್ಟಿ. ಸಿಂಗಪುರಕ್ಕೆ ಚ್ಯೂಯಿಂಗ್ ಗಮ್, ಇ-ಸಿಗರೇಟ್ ಕೂಡ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ಒಂದು ಹಿಡಿ ಕಡಲೆಬೀಜ ಇದ್ದರೂ ನಮೂನೆಯಲ್ಲಿ ಘೋಷಿಸಬೇಕು. ಘೋಷಿಸಿದರೆ ಹೆಚ್ಚೆಂದರೆ ಎಸೆಯುತ್ತಾರೆ, ಮುಚ್ಚಿಟ್ಟರೆ ದಂಡ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು. ಕರೆದುಕೊಂಡು ಹೋಗುವುದು ಸರಿಯೇ?

ಅವರ ವೈದ್ಯರು ಹೂಂ ಎಂದರೆ ಸರಿ. ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ; "ನನಗೇನಾಗಿದೆ" ಎಂದು ಅವರು ಸಿಡುಕಿದರೂ ಕೇಳಿ. ದೊಡ್ಡ ನಿಲ್ದಾಣಗಳಲ್ಲಿ ದ್ವಾರದಿಂದ ವಲಸೆ ತಪಾಸಣೆಯವರೆಗಿನ ನಡಿಗೆ ಮನೆಯಿಂದ ಮಾರುಕಟ್ಟೆಗೆ ಹೋದಂತಲ್ಲ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಚೀಲದಲ್ಲಿ ಹೆಪ್ಪುಗಟ್ಟುವ ಸಾಧ್ಯತೆ ಇದೆ. ಔಷಧಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಂದಿಗೆ ಇರಬೇಕು. ಕೊಡೀನ್, ಟ್ರಮಡಾಲ್ ಇರುವ ಕೆಮ್ಮು, ನೋವಿನ ಔಷಧಗಳಿಗೆ ಯುಎಇಯಲ್ಲಿ ಮುಂಗಡ ಅನುಮತಿ ಬೇಕು. ವಿಮೆ ಮಾಡಿಸುವಾಗ ಮೊದಲಿನಿಂದ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿರಿ. ಅದನ್ನು ಒಳಗೊಳ್ಳುವ ಪಾಲಿಸಿಗೆ ಕಂತು ಹೆಚ್ಚು, ಆದರೆ ಕೊಳ್ಳಬೇಕಾದದ್ದು ಅದನ್ನೇ.

ನಾವು ಮಂಗಳೂರಿನ ಕಥೋಲಿಕರು. ಕ್ರಿಸ್‌ಮಸ್ ರಾತ್ರಿ ಬಲಿಪೂಜೆ ತಪ್ಪಿಸಲು ಮನಸ್ಸಿಲ್ಲ. ನಮ್ಮ ಗೆಳೆಯರಿಗೆ ವೈಕುಂಠ ಏಕಾದಶಿ ಚಿಂತೆ.

ದುಬೈನ ಊದ್ ಮೇಥಾದಲ್ಲಿರುವ ಸೇಂಟ್ ಮೇರೀಸ್ ಚರ್ಚ್‌ನಲ್ಲಿ ಹಲವು ಭಾಷೆಗಳಲ್ಲಿ ಬಲಿಪೂಜೆ ನಡೆಯುತ್ತದೆ. ಆ ರಾತ್ರಿಯ ವೇಳಾಪಟ್ಟಿಯನ್ನು ಮೊದಲೇ ನೋಡಿ, ಜನಸಾಗರವೇ ಸೇರುವುದರಿಂದ ಎರಡು ಗಂಟೆ ಮುಂಚೆ ತಲುಪಿ. ಸಿಂಗಪುರದ ಗುಡ್ ಶೆಫರ್ಡ್ ಪ್ರಧಾನಾಲಯ ಮೆಟ್ರೊ ನಿಲ್ದಾಣದಿಂದ ನಡೆಯುವಷ್ಟು ಹತ್ತಿರ. ವೈಕುಂಠ ಏಕಾದಶಿ ಧನುರ್ಮಾಸದಲ್ಲಿ ಬರುವುದರಿಂದ ಹಲವು ವರ್ಷ ಇದೇ ದಿನಗಳ ಆಸುಪಾಸಿಗೆ ಬೀಳುತ್ತದೆ, 2025ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನದಲ್ಲಿ ಅಂದು ಇಲ್ಲಿನಂತೆಯೇ ಸಾಲು.

## ಆ ವಾರದ ಒಳಸುಳಿಗಳು

ಕ್ರಿಸ್‌ಮಸ್ ನೋಡಬೇಕೆಂದರೆ ಯುರೋಪಿಗೇ ಹೋಗಬೇಕಲ್ಲವೇ?

ಕ್ರಿಸ್‌ಮಸ್ ನೋಡಬೇಕೆಂದರೆ ಕ್ರಿಸ್‌ಮಸ್‌ಗಿಂತ ಮುಂಚೆ ಹೋಗಬೇಕು. ಅಲ್ಲಿ ಅದು ಮನೆಯೊಳಗಿನ ಹಬ್ಬ. ಜರ್ಮನಿಯ ಬಹುತೇಕ ಕ್ರಿಸ್‌ಮಸ್ ಸಂತೆಗಳು, ಪ್ರಸಿದ್ಧವಾದ ನ್ಯೂರೆಂಬರ್ಗ್ ಸಂತೆಯೂ ಸೇರಿ, 24ರೊಳಗೆ ಬಾಗಿಲು ಹಾಕುತ್ತವೆ. ಲಂಡನ್ನಿನಲ್ಲಿ 25ರಂದು ಮೆಟ್ರೊ ಇಲ್ಲ, ಸಿಟಿ ಬಸ್ ಇಲ್ಲ, ರೈಲೂ ಇಲ್ಲ. ಸಂಜೆ ನಾಲ್ಕಕ್ಕೆ ಕತ್ತಲು. ಚಳಿಯಲ್ಲಿ ಮುಚ್ಚಿದ ಅಂಗಡಿಗಳ ಮುಂದೆ ಇಬ್ಬರು ಮಕ್ಕಳೊಂದಿಗೆ ನಿಲ್ಲಲು ಅಷ್ಟು ದೂರ ಹೋಗಬೇಕಿಲ್ಲ. ರಜೆ ಆ ವಾರವೇ ಸಿಗುವವರು ಪ್ರಾಗ್ ನೋಡಬಹುದು, ಅಲ್ಲಿನ ಸಂತೆ ಜನವರಿ ಮೊದಲ ವಾರದವರೆಗೂ ಇರುತ್ತದೆ. ಜಪಾನಿನದು ಬೇರೆ ಕಥೆ: 25 ಅಲ್ಲಿ ಕೆಲಸದ ದಿನ, ಆದರೆ 29ರಿಂದ ಜನವರಿ 3ರವರೆಗೆ ಅನೇಕ ವಸ್ತುಸಂಗ್ರಹಾಲಯಗಳು, ಅಂಗಡಿಗಳು ಮುಚ್ಚಿರುತ್ತವೆ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ನವೆಂಬರಿನಲ್ಲಿ ಅರ್ಜಿ ಹಾಕಿದರೆ ಆಗುತ್ತದೆಯೇ?

ನಿಯಮದ ಪ್ರಕಾರ ಪ್ರಯಾಣಕ್ಕೆ 15 ದಿನ ಮುಂಚಿನವರೆಗೂ ಹಾಕಬಹುದು, ಆರು ತಿಂಗಳ ಮುಂಚೆಯೂ ಹಾಕಬಹುದು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45. ಅಡಚಣೆ ಇರುವುದು ಬೆರಳಚ್ಚು ಕೊಡುವ ದಿನ ಸಿಗುವುದರಲ್ಲಿ. ಹೆಚ್ಚು ರಾತ್ರಿ ಕಳೆಯುವ ದೇಶದ ಮೂಲಕವೇ ಅರ್ಜಿ ಹಾಕಬೇಕಾದ್ದರಿಂದ ಆ ದೇಶದ ದಿನಗಳು ಆಗಸ್ಟ್ ಸೆಪ್ಟೆಂಬರಿನಲ್ಲೇ ಹಿಡಿಯಿರಿ. ಶುಲ್ಕ ದೊಡ್ಡವರಿಗೆ 90 ಯುರೋ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ದೆಹಲಿ ಮೂಲಕ ಹೋದರೆ ಟಿಕೆಟ್ ಅಗ್ಗ ತೋರಿಸುತ್ತಿದೆ. ತೆಗೆದುಕೊಳ್ಳಲೇ?

ಬೇರೆ ತಿಂಗಳಾದರೆ ತೆಗೆದುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ದೆಹಲಿ ಮಂಜಿನ ಊರು. ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ, ಬೇರೆ ಊರಿಗೆ ತಿರುಗುತ್ತವೆ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಆದರೆ ಆ ವಾರ ಮುಂದಿನ ವಿಮಾನದಲ್ಲಿ ಆರು ಜನಕ್ಕೆ ಜಾಗ ಎಲ್ಲಿದೆ? ಬೇರೆ ಬೇರೆ ಟಿಕೆಟ್ ಆಗಿದ್ದರೆ ಹೊಣೆಯೂ ನಿಮ್ಮದೇ. ಬೆಂಗಳೂರಿನಲ್ಲೂ ಆ ತಿಂಗಳು ಬೆಳಗಿನ ಜಾವ ಮಂಜು ಬೀಳುತ್ತದೆ. ಆಯ್ಕೆ ಇದ್ದರೆ ರಾತ್ರಿ ಹನ್ನೊಂದರ ಅಥವಾ ಮಧ್ಯಾಹ್ನದ ನೇರ ವಿಮಾನ ಹಿಡಿಯಿರಿ, ಬೆಳಗ್ಗೆ ಐದರಿಂದ ಎಂಟರ ನಡುವಿನದು ಬೇಡ.

ಮಂಗಳೂರಿನಿಂದ ದುಬೈಗೆ ಹೋಗುವ ಟಿಕೆಟ್ ಅಗ್ಗ, ಬರುವುದೂ ಅಗ್ಗವಾಗಬೇಕಲ್ಲ?

ಜನ ಯಾವ ದಿಕ್ಕಿಗೆ ಹೊರಟಿದ್ದಾರೆ ಎಂಬುದನ್ನು ನೋಡಿದರೆ ಬೆಲೆ ತಾನಾಗಿಯೇ ತಿಳಿಯುತ್ತದೆ. ಡಿಸೆಂಬರ್ ಮೂರನೇ ವಾರ ಗಲ್ಫ್‌ನಲ್ಲಿರುವ ಕರಾವಳಿಯವರು ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ತಿನ್ನಲು ಊರಿಗೆ ಬರುತ್ತಾರೆ, ಜನವರಿ ಮೊದಲ ವಾರ ಮರಳುತ್ತಾರೆ. ನೀವು ಅವರಿಗೆ ಎದುರು ದಿಕ್ಕಿನಲ್ಲಿ ಪ್ರಯಾಣಿಸುತ್ತಿದ್ದೀರಿ. ಹೋಗುವಾಗಲೂ ಬರುವಾಗಲೂ ಲಾಭ ನಿಮ್ಮದಾಗಬಹುದು. 20ರ ಸುಮಾರಿಗೆ ಹೋಗಿ ಜನವರಿ 2, 3ಕ್ಕೆ ಬರುವ ದಿನಾಂಕ ಹಾಕಿ ನೋಡಿ. ಬೆಂಗಳೂರಿನಿಂದ ಹೊರಡುವ ಪ್ರವಾಸಿಗರ ಲೆಕ್ಕ ಇದಕ್ಕೆ ವಿರುದ್ಧ.

ಏಳು ದಿನದಲ್ಲಿ ಸಿಂಗಪುರ, ಮಲೇಷ್ಯಾ ಎರಡೂ ಮುಗಿಸಬಹುದೇ?

ಮುಗಿಸಬಹುದು, ನೋಡಲಾಗುವುದಿಲ್ಲ. ಕ್ವಾಲಾಲಂಪುರದಿಂದ ಸಿಂಗಪುರಕ್ಕೆ ಬಸ್ಸಿನಲ್ಲಿ ಐದಾರು ಗಂಟೆ ಎನ್ನುವುದು ಸಾಮಾನ್ಯ ದಿನದ ಮಾತು. ವರ್ಷಾಂತ್ಯದಲ್ಲಿ ಜೊಹೊರ್ ಬಾರು ಗಡಿಯಲ್ಲಿ ಎರಡೂ ದೇಶದವರು ರಜೆಗೆ ಹೊರಟಿರುತ್ತಾರೆ. ಎರಡು ಸಲ ಸಾಮಾನು ಇಳಿಸಿ, ಹೊತ್ತು, ಸಾಲಿನಲ್ಲಿ ನಿಂತು ಹತ್ತಿಸಬೇಕು. ಎರಡೂ ಬೇಕೇ ಬೇಕೆಂದರೆ ನಡುವೆ ಒಂದು ಗಂಟೆಯ ವಿಮಾನ ಹಿಡಿಯಿರಿ, ಒಂದು ಊರಿನಲ್ಲಿ ಇಳಿದು ಇನ್ನೊಂದರಿಂದ ಮರಳುವಂತೆ ಟಿಕೆಟ್ ಮಾಡಿ. ಮಲೇಷ್ಯಾವನ್ನು ಇನ್ನೊಂದು ವರ್ಷಕ್ಕೆ ಇಡುವುದು ನನ್ನ ಮತ.

31ರ ರಾತ್ರಿ ಪಟಾಕಿ ತೋರಿಸಬೇಕು. ಮಕ್ಕಳು ಹನ್ನೆರಡರವರೆಗೆ ಎಚ್ಚರ ಇರುತ್ತಾರೆಯೇ?

ಅದು ಯಾವ ಊರು ಎಂಬುದರ ಮೇಲಿದೆ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಮರೀನಾ ಬೇಯಲ್ಲಿ ಹನ್ನೆರಡು ಹೊಡೆದಾಗ ಮಕ್ಕಳ ದೇಹಕ್ಕೆ ಇನ್ನೂ ಒಂಬತ್ತೂವರೆ, ಅಲ್ಲಿಗೆ ಹೋಗಿ ಎರಡೇ ದಿನವಾಗಿದ್ದರಂತೂ ಕುಣಿಯುತ್ತಿರುತ್ತಾರೆ. ದುಬೈ ಒಂದೂವರೆ ಗಂಟೆ ಹಿಂದು. ಅಲ್ಲಿನ ಹನ್ನೆರಡು ಅವರಿಗೆ ರಾತ್ರಿ ಒಂದೂವರೆ, ಹೆಗಲ ಮೇಲೆ ಮಲಗಿರುತ್ತಾರೆ. ಮೇಲಾಗಿ ಬುರ್ಜ್ ಖಲೀಫಾ ಬಳಿಯ ಮೆಟ್ರೊ ನಿಲ್ದಾಣವನ್ನು ಜನದಟ್ಟಣೆಯಿಂದಾಗಿ ಸಂಜೆಯೇ ಮುಚ್ಚುವುದು ರೂಢಿ. ಬೆಳಕಿರುವಾಗಲೇ ಹೋಗಿ ಏಳು ಗಂಟೆ ಕಾಯಬೇಕು, ಆಮೇಲೆ ಮಗುವನ್ನು ಹೊತ್ತು ದೂರದ ನಿಲ್ದಾಣಕ್ಕೆ ನಡೆಯಬೇಕು. ದುಬೈನಲ್ಲಿರುವವರು ಹೋಟೆಲಿನ ಮಾಳಿಗೆಯಿಂದಲೋ ದೂರದ ಉದ್ಯಾನದಿಂದಲೋ ನೋಡಿ. ಎಲ್ಲಿಯೇ ಆದರೂ ಮಕ್ಕಳ ಅಂಗಿಯ ಒಳಜೇಬಿನಲ್ಲಿ ನಿಮ್ಮ ಫೋನ್ ಸಂಖ್ಯೆ, ಹೋಟೆಲ್ ಹೆಸರು ಬರೆದ ಚೀಟಿ ಇರಲಿ, ಅಲ್ಲಿನ ಸಿಮ್‌ನ ಸಂಖ್ಯೆಯನ್ನೂ ಸೇರಿಸಿ.

ವಾಪಸ್ ಬರುವುದು ಯಾವತ್ತು ಇಟ್ಟುಕೊಳ್ಳಲಿ?

ಶಾಲೆ, ಕಚೇರಿ ತೆರೆಯುವ ಹಿಂದಿನ ರಾತ್ರಿ ಬೇಡ. ಒಂದು ದಿನ ಮುಂಚೆ ಬಂದರೆ ಟಿಕೆಟ್ ಬೆಲೆಯಲ್ಲೂ ವ್ಯತ್ಯಾಸ ಕಾಣುತ್ತದೆ, ಬಟ್ಟೆ ಒಗೆಯಲೂ ಆಗುತ್ತದೆ. ಮೈಸೂರಿನವರು ನಿಲ್ದಾಣದಿಂದ ನೇರ ಹೊರಡುವ ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಆಸನಗಳನ್ನು ವಿಮಾನದ ಟಿಕೆಟ್ ಜೊತೆಗೇ ನೆನಪಿಟ್ಟು ಕಾಯ್ದಿರಿಸಿ. ವಿಮಾನ ಇಳಿಯುವ ಸಮಯಕ್ಕೂ ಬಸ್ಸಿಗೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ವರ್ಷಾಂತ್ಯದಲ್ಲಿ ಸಾಮಾನು ಬರುವ ಬೆಲ್ಟ್‌ನ ಮುಂದೆಯೇ ಮುಕ್ಕಾಲು ಗಂಟೆ ಹೋಗಬಹುದು.